ತೋಟದ ಕೋವಿಯ ನಳಿಗೆಗೆ ತುಕ್ಕು: ಮನೆಯಲ್ಲೇ ಬ್ಲೂಯಿಂಗ್ ಮಾಡಬಹುದಾ?

ಪ್ರಶ್ನೆ: ನಾವು ಹೆಬ್ರಿ ಕಡೆಯವರು. ಅಡಿಕೆ, ತೆಂಗು, ಸ್ವಲ್ಪ ಗದ್ದೆ ಇದೆ. ಅಜ್ಜನ ಕಾಲದ 12 ಬೋರಿನ ಜೋಡಿ ನಳಿಗೆ ಕೋವಿಯೊಂದು ಮನೆಯಲ್ಲಿದೆ. ಬೆಳೆ ರಕ್ಷಣೆಯ ಲೈಸನ್ಸ್ ಈಗ ನನ್ನ ಹೆಸರಿನಲ್ಲಿದೆ. ಚುನಾವಣೆ ಸಮಯದಲ್ಲಿ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು, ವಾಪಸ್ ತಂದ ಮೇಲೆ ಕವರಿನಲ್ಲೇ ಹಾಗೇ ಬಿಟ್ಟಿದ್ದೆ. ಈ ಮಳೆಗಾಲದಲ್ಲಿ ತೆಗೆದು ನೋಡಿದರೆ ನಳಿಗೆ ತುಂಬ ಕೆಂಪು ತುಕ್ಕು. ಬ್ಲೂಯಿಂಗ್ ಅನ್ನುವ ಹಳೆಯ ಕಪ್ಪು-ನೀಲಿ ಬಣ್ಣ ಅಲ್ಲಲ್ಲಿ ಹೋಗಿದೆ. ಅಮೆರಿಕದವರೊಬ್ಬರು ತಾವೇ ಮನೆಯಲ್ಲಿ ಕಟ್ಟಿದ ಬೇಟೆ ರೈಫಲ್ಲಿನ ನಳಿಗೆಗೆ ಬೇಕೆಂದೇ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿ, ಚಂದದ ಕಪ್ಪು ಬಣ್ಣ ತರಿಸುವ ವಿಡಿಯೊ ನೋಡಿದೆ. ನಾನೂ ಹಾಗೆ ಮಾಡಬಹುದಾ? ನಳಿಗೆ ತೆಳುವಾಗಿ ಒಡೆಯುತ್ತದೆ ಎಂದು ಅಣ್ಣ ಹೆದರಿಸುತ್ತಾನೆ. ಬೈಕಂಪಾಡಿಯಲ್ಲಿ ಪ್ಲೇಟಿಂಗ್ ಕೆಲಸ ಮಾಡುವ ಪರಿಚಯದವರು ಒಂದೇ ದಿನದಲ್ಲಿ ಬಿಸಿ ಬ್ಲೂಯಿಂಗ್ ಮಾಡಿ ಕೊಡುತ್ತೇನೆ ಅಂತಾರೆ. ಯಾವ ದಾರಿ ಸರಿ?

ಉತ್ತರ: ಬೈಕಂಪಾಡಿಯ ದಾರಿ ಬೇಡವೇ ಬೇಡ. ವಿಡಿಯೊದ ದಾರಿ ತಪ್ಪಲ್ಲ, ಆದರೆ ಅದು ಲೈಸನ್ಸ್ ಇರುವ ಅಂಗಡಿಯಲ್ಲಿ ಆಗಬೇಕಾದ ಕೆಲಸ, ಮತ್ತು ನಿಮ್ಮ ಕೋವಿಗೆ ಅಷ್ಟು ದೂರ ಹೋಗಬೇಕಾದ ಅಗತ್ಯ ಇಲ್ಲದಿರಬಹುದು. ಅದಕ್ಕಿಂತ ಚಿಕ್ಕ, ಸುಲಭದ ಕೆಲಸದಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ ಇದೆ. ಯಾಕೆ ಅಂತ ಹೇಳುತ್ತೇನೆ. ಮಂಗಳೂರಿನಲ್ಲಿ ಕೋವಿ ರಿಪೇರಿ ಕೆಲಸದಲ್ಲೇ ಬದುಕು ಕಳೆದವನು ನಾನು. ಮಳೆಗಾಲ ಮುಗಿಯುತ್ತಿದ್ದ ಹಾಗೆ ಪ್ರತಿ ವರ್ಷ ಬರುವ ದೂರು ಇದೇ.

ಕೈ ಹಾಕುವ ಮೊದಲು ಎರಡು ಮಾತು. ಒಂದು, ಕೋವಿ ಮಡಚಿ, ಎರಡೂ ನಳಿಗೆ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ಅಜ್ಜನ ಕೋವಿಯಲ್ಲಿ ತೋಟೆ ಇರಲಿಕ್ಕಿಲ್ಲ ಎಂಬ ನಂಬಿಕೆ ಸಾಲದು. ಎರಡು, ಕಾನೂನು. ಹೊರದೇಶದ ಹವ್ಯಾಸಿ ಮನೆಯಲ್ಲಿ ರೈಫಲ್ ಕಟ್ಟುವುದು ಅವರ ಕಾನೂನಿಗೆ ಬಿಟ್ಟದ್ದು. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಕೋವಿ ತಯಾರಿಸಲು ಮಾತ್ರ ಅಲ್ಲ, ರಿಪೇರಿ ಮಾಡಲಿಕ್ಕೂ ಅದಕ್ಕೆಂದೇ ಲೈಸನ್ಸ್ ಬೇಕು. ನಿಮ್ಮ ಲೈಸನ್ಸ್ ಕೋವಿ ಇಟ್ಟುಕೊಳ್ಳಲು ಮತ್ತು ಬಳಸಲು. ಒರೆಸುವುದು, ಎಣ್ಣೆ ಹಚ್ಚುವುದು, ಮೇಲಿನ ತುಕ್ಕು ತೆಗೆಯುವುದು ಮಾಲೀಕನ ದಿನದ ಕೆಲಸ. ಹಳೆಯ ಬಣ್ಣ ಪೂರ್ತಿ ಕಿತ್ತು ಹೊಸದಾಗಿ ಬ್ಲೂಯಿಂಗ್ ಮಾಡುವುದು ರಿಪೇರಿ ಅಂಗಡಿಯ ಕೆಲಸ. ಅದನ್ನು ಲೈಸನ್ಸ್ ಇರುವ ಕೋವಿ ಅಂಗಡಿಗೇ ಕೊಡಿ. ಪ್ಲೇಟಿಂಗ್ ಮಾಡುವ ನಿಮ್ಮ ಪರಿಚಯದವರು ಎಷ್ಟೇ ಒಳ್ಳೆಯವರಿರಲಿ, ಅವರ ಶೆಡ್ಡಿನಲ್ಲಿ ನಿಮ್ಮ ಕೋವಿ ಒಂದು ರಾತ್ರಿ ಇದ್ದರೂ ಇಬ್ಬರಿಗೂ ಕೇಸು. ಇನ್ನೊಂದು: ನಳಿಗೆಯ ಮೇಲಿನ ನಂಬರು ಅಳಿಸಿ ಹೋಗುವಂತೆ ಉಜ್ಜುವುದು ಅದೇ ಕಾಯ್ದೆಯಲ್ಲಿ ಅಪರಾಧ. ತುಕ್ಕು ತೆಗೆಯುವ ಉತ್ಸಾಹದಲ್ಲಿ ಎಮರಿ ಪೇಪರ್ ಹಿಡಿದು ಕುಳಿತವರು ನಂಬರನ್ನೂ, ನಳಿಗೆ ಪರೀಕ್ಷೆಯಾದದ್ದಕ್ಕೆ ಒತ್ತಿದ ಪ್ರೂಫ್ ಗುರುತನ್ನೂ ನುಣ್ಣಗೆ ಮಾಡಿ ತಂದದ್ದನ್ನು ನೋಡಿದ್ದೇನೆ. ಆಮೇಲೆ ಲೈಸನ್ಸ್ ನವೀಕರಣಕ್ಕೆ ಹೋದಾಗ ಪುಸ್ತಕದಲ್ಲಿರುವ ನಂಬರು ಕೋವಿಯ ಮೇಲೆ ಎಲ್ಲಿ ಅಂತ ತೋರಿಸುವುದು?

ಈಗ ಅಣ್ಣನ ಭಯ. ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಹಾಗಾಗಿ ಬೇಕೆಂದೇ ತುಕ್ಕು ಹಿಡಿಸಿದರೆ ನಳಿಗೆ ತೆಳುವಾಗುತ್ತದೆ ಎಂಬುದು ಅವರ ಲೆಕ್ಕ. ಮೇಲ್ನೋಟಕ್ಕೆ ಸರಿಯಾಗಿ ಕಾಣುತ್ತದೆ. ಆದರೆ ರಸ್ಟ್ ಬ್ಲೂಯಿಂಗಿನಲ್ಲಿ, ಅಂದರೆ ವಿಡಿಯೊದ ಹಾಗೆ ತುಕ್ಕು ಹಿಡಿಸಿ ಕುದಿಸುವ ಕ್ರಮದಲ್ಲಿ, ಬರುವ ಪದರ ತಲೆಕೂದಲಿಗಿಂತ ಎಷ್ಟೋ ಪಟ್ಟು ತೆಳು. ಬೆಲೆಬಾಳುವ ಜೋಡಿ ನಳಿಗೆ ಕೋವಿಗಳಿಗೆಲ್ಲ ಹಿಂದಿನಿಂದಲೂ ಮಾಡುತ್ತಾ ಬಂದದ್ದು ಇದನ್ನೇ. ನಳಿಗೆ ತೆಳುವಾಗುವುದು ಅದಕ್ಕಿಂತ ಮೊದಲಿನ ಹಂತದಲ್ಲಿ, ಅಂದರೆ ತುಕ್ಕು ತಿಂದು ಬಿದ್ದ ಗುಳಿ ಹೋಗಲಿ ಅಂತ ಎಮರಿ ಹಾಕಿ ಉಜ್ಜುವಾಗ. 12 ಬೋರಿನ ನಳಿಗೆಯ ಗೋಡೆ ಹಿಂಬದಿಯಲ್ಲಿ ದಪ್ಪ ಇದ್ದರೂ ಮುಂದಕ್ಕೆ ಹೋದ ಹಾಗೆ ಒಂದು ಮಿಲಿಮೀಟರಿಗಿಂತ ಕಡಿಮೆ ಇರುವುದೂ ಉಂಟು. ಅಲ್ಲಿ ಆಳದ ಗುಳಿಗಳನ್ನು ಸಪಾಟು ಮಾಡಲು ಹೊರಟರೆ ಅಣ್ಣ ಹೇಳುವ ಅಪಾಯ ನಿಜ. ಗುಳಿ ಇರಲಿ ಬಿಡಿ. ಹಳೆಯ ಕೋವಿಗೆ ಗುಳಿ ಅವಮಾನ ಅಲ್ಲ. ಉಗುರಿಗೆ ಸಿಕ್ಕುವಷ್ಟು ಆಳ ಇದ್ದರೆ ಮಾತ್ರ ಈಡು ಹೊಡೆಯುವ ಮೊದಲು ಅಂಗಡಿಯಲ್ಲಿ ಗೋಡೆಯ ದಪ್ಪ ಅಳೆಸಿ.

ಹಾಗಾದರೆ ಕುದಿಸಿದರೆ ಕಪ್ಪಾಗುವುದು ಹೇಗೆ? ಕೆಂಪು ತುಕ್ಕು ಅಂದರೆ ಕಬ್ಬಿಣ, ಆಮ್ಲಜನಕ, ನೀರು ಸೇರಿದ ಸಡಿಲವಾದ ಪುಡಿ. ಅದು ಉಬ್ಬುತ್ತದೆ, ಬಿರಿಯುತ್ತದೆ, ಅಡಿಗೆ ತೇವ ಬಿಡುತ್ತದೆ. ಹಾಗಾಗಿ ಒಮ್ಮೆ ಶುರುವಾದರೆ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಅದೇ ತುಕ್ಕನ್ನು ಕುದಿಯುವ ನೀರಿನಲ್ಲಿ ಇಟ್ಟರೆ ಅದು ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆಗುತ್ತದೆ. ಇದು ಗಟ್ಟಿ, ಒತ್ತೊತ್ತಾಗಿ ಕೂರುವ ಜಾತಿ. ಕುದಿಸಿದ ಮೇಲೆ ನಳಿಗೆಯ ಮೇಲೆ ಕಪ್ಪು ವೆಲ್ವೆಟ್ಟಿನ ಹಾಗೆ ಪುಡಿ ನಿಂತಿರುತ್ತದೆ. ಅದನ್ನು ನಯವಾಗಿ ತಿಕ್ಕಿ ತೆಗೆದರೆ ಅಡಿಯಲ್ಲಿ ಕಬ್ಬಿಣಕ್ಕೆ ಅಂಟಿದ ತೆಳು ಪದರ ಉಳಿಯುತ್ತದೆ. ಇದನ್ನೇ ಆರರಿಂದ ಹತ್ತು ಸಲ ಮಾಡಿದರೆ ವಿಡಿಯೊದಲ್ಲಿ ನೀವು ನೋಡಿದ ಬಣ್ಣ. ಕುದಿಸದೆ ಹಾಗೇ ಬಿಟ್ಟರೆ ಅದು ಬ್ರೌನಿಂಗ್, ಹಳೆಯ ಕೇಪಿನ ಕೋವಿಗಳಲ್ಲಿ ಕಾಣುವ ಕಂದು ಬಣ್ಣ.

ಈ ಕಪ್ಪು ಪದರ ತುಕ್ಕನ್ನು ತಡೆಯುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ತಾನಾಗಿ ತಡೆಯುವುದು ಬಹಳ ಕಡಿಮೆ. ಅದರ ನಿಜವಾದ ಕೆಲಸ ಎಣ್ಣೆ ಹಿಡಿದಿಟ್ಟುಕೊಳ್ಳುವುದು. ಪಳಗಿದ ದೋಸೆ ಕಾವಲಿ ಎಣ್ಣೆ ಕುಡಿದು ಕುಳಿತಿರುತ್ತದೆ ಅಲ್ವಾ, ಹಾಗೆ. ಎಣ್ಣೆ ಒಣಗಿದ ದಿನದಿಂದ ಹೊಸ ಬ್ಲೂಯಿಂಗಿಗೂ ತುಕ್ಕು ಬರುತ್ತದೆ. ಹೆಬ್ರಿ ಅಂದರೆ ಆಗುಂಬೆ ಘಾಟಿಯ ಬುಡ. ಆಟಿ ತಿಂಗಳಲ್ಲಿ ಬಟ್ಟೆ ಒಣಗದ, ಚಪ್ಪಲಿಗೆ ಬೂಷ್ಟು ಬರುವ ಜಾಗ. ಗಾಳಿಯ ತೇವಾಂಶ ಶೇಕಡ 60 ದಾಟಿದರೆ ಸಾಕು, ಬರೀ ಕಬ್ಬಿಣಕ್ಕೆ ತುಕ್ಕು ಚುರುಕಾಗುತ್ತದೆ. ನಮ್ಮಲ್ಲಿ ಜುಲೈಯಲ್ಲಿ ಅದು ಬಹುತೇಕ ದಿನ 85ರ ಮೇಲೇ. ಮಲ್ಪೆ, ಸುರತ್ಕಲ್, ಉಳ್ಳಾಲದ ಕಡೆಯವರಿಗೆ ಇದರ ಮೇಲೆ ಕಡಲಿನ ಉಪ್ಪು ಬೇರೆ. ಉಪ್ಪಿನ ಕ್ಲೋರೈಡು ಕಬ್ಬಿಣದ ಮೇಲಿನ ಪದರವನ್ನು ಒಂದೊಂದು ಚುಕ್ಕೆಯಲ್ಲಿ ತೂತು ಮಾಡಿ ಒಳಗಿಳಿಯುತ್ತದೆ. ಗುಳಿ ಬೀಳುವುದು ಹಾಗೆ. ಬೆವರಿನಲ್ಲೂ ಅದೇ ಉಪ್ಪು ಇದೆ. ಸೆಕೆಗಾಲದಲ್ಲಿ ಕೋವಿ ಮುಟ್ಟಿ ಒರೆಸದೆ ಇಟ್ಟರೆ ಬೆರಳ ಗುರುತು ತುಕ್ಕಿನಲ್ಲೇ ಮೂಡಿರುತ್ತದೆ.

ಇನ್ನು ಬಿಸಿ ಬ್ಲೂಯಿಂಗ್. ಇದು ಯಾಕೆ ಬೇಡ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಒಂದು ತಪ್ಪು ನಿಮ್ಮ ಅಜ್ಜನ ಕೋವಿಯನ್ನು ಪೂರ್ತಿ ಕೆಡಿಸಬಲ್ಲದು. ವಿಡಿಯೊದ ರೈಫಲ್ಲಿಗೆ ಇರುವುದು ಒಂದೇ ನಳಿಗೆ, ಒಂದೇ ಉಕ್ಕಿನ ತುಂಡು. ನಿಮ್ಮದರಲ್ಲಿ ಎರಡು ನಳಿಗೆ. ಅವುಗಳ ನಡುವೆ ಮೇಲೊಂದು, ಕೆಳಗೊಂದು ಉದ್ದದ ಪಟ್ಟಿ. ಈ ಪಟ್ಟಿಗಳನ್ನು ಹೆಚ್ಚಿನ ಕೋವಿಗಳಲ್ಲಿ ಸೀಸ-ತವರದ ಬೆಸುಗೆಯಿಂದ ಕೂರಿಸಿರುತ್ತಾರೆ. ಬಿಸಿ ಬ್ಲೂಯಿಂಗ್ ಅಂದರೆ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪಿನ ದ್ರಾವಣವನ್ನು ಸುಮಾರು 140 ಡಿಗ್ರಿಗೆ ಕಾಯಿಸಿ ಅದರಲ್ಲಿ ಉಕ್ಕನ್ನು ಅದ್ದುವುದು. ಬೆಸುಗೆ ಕರಗಲು 180 ಡಿಗ್ರಿ ದಾಟಬೇಕು, ಹಾಗಾಗಿ ತೊಂದರೆ ಇಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಬಿಸಿಗೆ ಕರಗದಿದ್ದರೂ ಆ ಕಾಸ್ಟಿಕ್ಕು ಸೀಸವನ್ನೂ ತವರವನ್ನೂ ತಿಂದು ಹಾಕುತ್ತದೆ. ಪಟ್ಟಿ ಸಡಿಲವಾಗುತ್ತದೆ, ಕೆಲವು ಸಲ ತೊಟ್ಟಿಯಲ್ಲೇ ಕಳಚಿ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೆಸುಗೆಯಲ್ಲಿ ಸಣ್ಣ ಬಿರುಕಿದ್ದರೆ ಆ ಉಪ್ಪು ಎರಡು ನಳಿಗೆಗಳ ನಡುವಿನ ಟೊಳ್ಳಿಗೆ ಹೋಗಿ ಕೂರುತ್ತದೆ. ಅಲ್ಲಿಂದ ಅದನ್ನು ತೊಳೆದು ತೆಗೆಯಲು ಆಗುವುದಿಲ್ಲ. ಹೊರಗೆ ಕೋವಿ ಲಕಲಕ ಹೊಳೆಯುತ್ತದೆ. ಒಳಗೆ ನಿಮಗೆ ಕಾಣದ ಜಾಗದಲ್ಲಿ ವರ್ಷಗಟ್ಟಲೆ ನಳಿಗೆಯ ಗೋಡೆ ತಿನ್ನುತ್ತಿರುತ್ತದೆ. ಪಟ್ಟಿಯ ಅಂಚಿನಲ್ಲಿ ಬಿಳಿ ಹುಡಿ ಒಸರುವುದು ಕಂಡರೆ ಅದು ಇದೇ. ಜೋಡಿ ನಳಿಗೆಗೆ ರಸ್ಟ್ ಬ್ಲೂಯಿಂಗೇ ಆಗಬೇಕು ಅನ್ನುವುದಕ್ಕೆ ಕಾರಣ ಇಷ್ಟೇ: ಅದರಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ, ಕಾಸ್ಟಿಕ್ ಇರುವುದಿಲ್ಲ.

ಆನ್‌ಲೈನಿನಲ್ಲಿ ಸಣ್ಣ ಬಾಟಲಿಯಲ್ಲಿ ಬರುವ ಕೋಲ್ಡ್ ಬ್ಲೂ ಬಗ್ಗೆ ನೀವು ಕೇಳಿಲ್ಲ, ಆದರೆ ಇನ್ನೊಬ್ಬರು ಹೇಳಿಯೇ ಹೇಳುತ್ತಾರೆ. ಅದು ಸೆಲೆನಿಯಂ ಮತ್ತು ತಾಮ್ರದ ಲವಣ ಮೇಲೆ ಕೂರುವುದು ಅಷ್ಟೆ. ಗೀರು ಮುಚ್ಚಲು ಸಾಕು, ಇಡೀ ನಳಿಗೆಗೆ ಪ್ರಯೋಜನವಿಲ್ಲ. ವಿಷವೂ ಹೌದು, ಕೈಗವಸು ಇಲ್ಲದೆ ಮುಟ್ಟಬೇಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮಾಡುವುದು ಇದು. ಈಗ ಇರುವ ಕೆಂಪು ತುಕ್ಕನ್ನು ಉಜ್ಜಿ ತೆಗೆಯದೆ, ಅದನ್ನೇ ಕುದಿಸಿ ಕಪ್ಪು ಮಾಡುವುದು. ತುಕ್ಕು ಹೊಸದು, ಮೇಲಿನದು ಅಂತ ನಿಮ್ಮ ಮಾತಿನಿಂದ ತಿಳಿಯುತ್ತದೆ. ಹಳೆಯ ಬ್ಲೂಯಿಂಗ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಇಂಥ ನಳಿಗೆಯನ್ನು ಯಾವ ಆಮ್ಲವೂ ಇಲ್ಲದೆ ಬರೀ ಶುದ್ಧ ನೀರಿನಲ್ಲಿ ಕುದಿಸಿದರೆ ತುಕ್ಕು ಕಪ್ಪಾಗಿ ಸಡಿಲವಾಗುತ್ತದೆ. ತಿಕ್ಕಿದಾಗ ಪುಡಿ ಉದುರಿ, ಗುಳಿಗಳ ತಳದಲ್ಲಿ ಕಪ್ಪು ಉಳಿಯುತ್ತದೆ. ಹಳೆಯ ಬಣ್ಣವೂ ಉಳಿಯುತ್ತದೆ, ನಂಬರೂ ಉಳಿಯುತ್ತದೆ. ಎಮರಿಯಿಂದ ಉಜ್ಜಿದ್ದರೆ ಎರಡೂ ಹೋಗುತ್ತಿದ್ದವು. ಇದು ಶುಚಿ ಮಾಡುವ ಕೆಲಸವೇ ಆದರೂ, ಮೊದಲ ಸಲ ಗೊತ್ತಿದ್ದವರ ಎದುರು ಮಾಡುವುದು ಒಳ್ಳೆಯದು.

ಮೊದಲು ಪಟ್ಟಿಗಳ ಪರೀಕ್ಷೆ ಮಾಡಿ. ಮುಂಗೈ ಮರ ತೆಗೆದು, ನಳಿಗೆಗಳನ್ನು ಕೋವಿಯಿಂದ ಬಿಡಿಸಿ, ಖಾಲಿ ತೋಟೆ ಹೊರಗೆ ತಳ್ಳುವ ಎಕ್ಸ್‌ಟ್ರಾಕ್ಟರನ್ನೂ ಕಳಚಿ. ಅಡಿಯ ಕೊಕ್ಕೆಗೆ ದಾರ ಕಟ್ಟಿ ನೇತು ಹಾಕಿ, ಬೆರಳ ಗಂಟಿನಿಂದ ಮೆಲ್ಲ ತಟ್ಟಿ. ಗಂಟೆಯ ಹಾಗೆ ನಾದ ಎಳೆದುಕೊಂಡು ಹೋದರೆ ಬೆಸುಗೆ ಗಟ್ಟಿ ಇದೆ. ಡಬ್ ಅಂತ ಸತ್ತ ಸದ್ದು ಬಂದರೆ ಎಲ್ಲೋ ಪಟ್ಟಿ ಬಿಟ್ಟಿದೆ, ಅಲ್ಲಿಗೇ ನಿಲ್ಲಿಸಿ ಅಂಗಡಿಗೆ ಒಯ್ಯಿರಿ. ಹಾಗೆಯೇ ನಳಿಗೆಯ ಮೈಮೇಲೆ ಬಳ್ಳಿ ಸುತ್ತಿದ ಹಾಗೆ, ಅಲೆಅಲೆಯಾಗಿ ಗೆರೆ ಕಾಣುತ್ತಿದ್ದರೆ ಅದು ಡಮಾಸ್ಕಸ್ ನಳಿಗೆ ಇರಬಹುದು. ಕಬ್ಬಿಣ-ಉಕ್ಕಿನ ಎಳೆಗಳನ್ನು ಸುತ್ತಿ ಬೆಸೆದು ನಳಿಗೆಯನ್ನೇ ಮಾಡಿದ್ದು ಅದು, ಕರಿಮದ್ದಿನ ಕಾಲದ್ದು. ಅಂಥದ್ದರಲ್ಲಿ ಈಗಿನ ತೋಟೆ ಹಾಕಲೇಬಾರದು. ಬಣ್ಣದ ಮಾತು ಆಮೇಲೆ.

ನೀರಿನ ವಿಷಯದಲ್ಲಿ ಜಿಪುಣತನ ಬೇಡ. ಬಾವಿ ನೀರು ಎಷ್ಟೇ ಸಿಹಿ ಇದ್ದರೂ ಅದರಲ್ಲಿ ಲವಣ ಉಂಟು. ಕಡಲ ಬದಿಯ ಬಾವಿಯಾದರೆ ಉಪ್ಪೂ ಉಂಟು. ಕುದಿದು ಆರಿದಾಗ ಅದೇ ಬಿಳಿ ಕಲೆಯಾಗಿ ಕೂರುತ್ತದೆ, ಬಣ್ಣ ಹಿಡಿಯುವುದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನಿನಲ್ಲಿ ಸಿಗುತ್ತದೆ, ಅದನ್ನೇ ತನ್ನಿ. ನಳಿಗೆ 28ರಿಂದ 30 ಇಂಚು ಇರುವುದರಿಂದ ಮೂರು ಅಡಿ ಉದ್ದದ ಸ್ಟೀಲ್ ತೊಟ್ಟಿ ಬೇಕು. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿ ಕೊಡುತ್ತಾರೆ. ಬಚ್ಚಲಿನ ತಾಮ್ರದ ಹಂಡೆ ಬೇಡ, ಜಿಂಕ್ ಬಳಿದ ತಗಡೂ ಬೇಡ.

ನಳಿಗೆಯ ಎಣ್ಣೆ ಜಿಡ್ಡನ್ನೆಲ್ಲ ಅಸಿಟೋನಿನಿಂದ ಒರೆಸಿ ತೆಗೆಯಿರಿ. ಇದನ್ನು ಬೆಂಕಿಯಿಂದ ದೂರ, ಜಗಲಿಯಲ್ಲಿ ಮಾಡಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ನೀರು ಕೊತಕೊತ ಕುದಿಯುವಾಗ, ತಳಕ್ಕೆ ತಾಗದ ಹಾಗೆ ತಂತಿಯ ಕೊಕ್ಕೆಯಲ್ಲಿ ನಳಿಗೆ ಇಳಿಸಿ. ಈಗ ಪಟ್ಟಿಗಳ ಅಂಚನ್ನೇ ನೋಡುತ್ತಿರಿ. ಅಲ್ಲಿಂದ ಸಾಲಾಗಿ ಗುಳ್ಳೆ ಬಂದರೆ ಒಳಗಿನ ಗಾಳಿ ಕಾದು ಹೊರಗೆ ಬರುತ್ತಿದೆ ಎಂದರ್ಥ. ಗಾಳಿ ಬರುವ ದಾರಿಯಲ್ಲಿ ನೀರೂ ಹೋಗುತ್ತದೆ. ತಟ್ಟಿ ನೋಡಿದಾಗ ಸಿಕ್ಕದ ಬಿರುಕು ಇಲ್ಲಿ ಸಿಕ್ಕುತ್ತದೆ. ಹಾಗಾದರೆ ತಕ್ಷಣ ಹೊರಗೆ ತೆಗೆದು, ಬಿಸಿ ಇರುವಾಗಲೇ ನೀರೆಲ್ಲ ಬಸಿದು ಒಣಗಿಸಿ, ಪಟ್ಟಿಯ ಬೆಸುಗೆ ಸರಿಪಡಿಸುವ ತನಕ ಮುಂದುವರಿಸಬೇಡಿ. ಗುಳ್ಳೆ ಇಲ್ಲದಿದ್ದರೆ ಹದಿನೈದು-ಇಪ್ಪತ್ತು ನಿಮಿಷ ಕುದಿಯಲಿ.

ಹೊರಗೆ ತೆಗೆದ ನಳಿಗೆ ಬಿಸಿಗೆ ತಾನೇ ಒಣಗುತ್ತದೆ. ಆಮೇಲೆ ತಿಕ್ಕುವ ಕೆಲಸ. ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್ ಬೇಕು, ಹತ್ತಿಯಷ್ಟು ಮೆದುವಾದದ್ದು. ಅದಕ್ಕೂ ಎಣ್ಣೆ ಹಾಕಿರುತ್ತಾರೆ, ಅಸಿಟೋನಿನಲ್ಲಿ ತೊಳೆದು ಒಣಗಿಸಿಕೊಳ್ಳಿ. ಪಾತ್ರೆ ತಿಕ್ಕುವ ಸ್ಟೀಲ್ ಗುಂಜು ತಂದರೆ ನಳಿಗೆ ತುಂಬ ಗೀರು. ಒತ್ತಬೇಡಿ, ಪುಡಿ ಮಾತ್ರ ಹೋಗಬೇಕು. ಕೆಂಪು ಇನ್ನೂ ಕಂಡರೆ ಮತ್ತೆ ಕುದಿಸಿ. ಎರಡು-ಮೂರು ಸಲದಲ್ಲಿ ಸಾಮಾನ್ಯವಾಗಿ ಮುಗಿಯುತ್ತದೆ. ಕೊನೆಯ ಸಲ ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಿ, ಒಂದು ದಿನ ಹಾಗೇ ಬಿಟ್ಟು ಒರೆಸಿ. ನಳಿಗೆಯ ಒಳಗೂ ಒಣ ಬಟ್ಟೆ, ಆಮೇಲೆ ಎಣ್ಣೆ ಬಟ್ಟೆ ಎಳೆಯಿರಿ. ಒಳಗನ್ನು ಮರೆಯುವವರೇ ಜಾಸ್ತಿ.

ಇಷ್ಟಾದ ಮೇಲೂ ಬಣ್ಣ ಹೋದ ಜಾಗ ಬೆಳ್ಳಗೆ ಕಾಣುತ್ತದೆ, ಹೊಸದಾಗಿಯೇ ಮಾಡಿಸಬೇಕು ಅನ್ನಿಸಿದರೆ ಅಂಗಡಿಗೆ ಕೊಡಿ. ಅಲ್ಲಿ ಏನು ನಡೆಯಬೇಕು ಅಂತ ಗೊತ್ತಿದ್ದರೆ ಕೇಳಲು ಅನುಕೂಲ. ಹಳೆಯ ಬಣ್ಣ ತೆಗೆದು 320 ಅಥವಾ 400 ನಂಬರಿನ ಪೇಪರಿನಲ್ಲಿ ಉದ್ದಕ್ಕೆ ನಯ ಮಾಡಬೇಕು. ಕನ್ನಡಿ ಹೊಳಪು ಬಂದರೆ ತುಕ್ಕು ಸಮನಾಗಿ ಕಚ್ಚುವುದಿಲ್ಲ. ನಳಿಗೆಯ ಒಳಗೆ ತುಕ್ಕು ಹಿಡಿಸುವ ಆಮ್ಲದ ದ್ರಾವಣ ಹೋಗದ ಹಾಗೆ ಮರದ ಬೆಣೆ ಹೊಡೆಯಬೇಕು. ದ್ರಾವಣದ ಬಟ್ಟೆ ಹಿಂಡಿ, ಬಹುತೇಕ ಒಣಗಿದಂತಿರುವಾಗ, ಒಂದೇ ಎಳೆತದಲ್ಲಿ ಹಚ್ಚಬೇಕು. ಹಿಂದೆ ಮುಂದೆ ಎಳೆದರೆ, ಹನಿ ಇಳಿದರೆ ಅದರ ಗೆರೆ ಕೊನೆಯವರೆಗೂ ಹೋಗುವುದಿಲ್ಲ. ಒಣ ಊರುಗಳಲ್ಲಿ ತೇವದ ಪೆಟ್ಟಿಗೆ ಮಾಡಿ ರಾತ್ರಿಯಿಡೀ ಕಾಯುತ್ತಾರೆ. ನಮಗೆ ಆ ಪೆಟ್ಟಿಗೆ ಬೇಕಿಲ್ಲ. ಮಳೆಗಾಲದಲ್ಲಿ ಮೂರು-ನಾಲ್ಕು ಗಂಟೆಯಲ್ಲೇ ತುಕ್ಕು ಎದ್ದು ನಿಲ್ಲುತ್ತದೆ. ವಿಡಿಯೊ ನೋಡಿ ಕೆಲಸ ಮಾಡಿದವರು ಇಲ್ಲಿ ಸೋಲುವುದು ಇದರಲ್ಲೇ. ವಿಡಿಯೊದವರು ಹನ್ನೆರಡು ಗಂಟೆ ಅಂದರೆ ಇವರೂ ಹನ್ನೆರಡು ಗಂಟೆ ಬಿಡುತ್ತಾರೆ. ಬೆಳಗ್ಗೆ ನೋಡಿದರೆ ಗುಳಿ ಬಿದ್ದಿರುತ್ತದೆ. ಗಡಿಯಾರ ನೋಡಬಾರದು, ನಳಿಗೆ ನೋಡಬೇಕು. ತೆಳ್ಳಗೆ, ಸಮನಾಗಿ ಕಂದು ಹುಡಿ ಬಂದ ಕೂಡಲೇ ಕುದಿಯುವ ನೀರಿಗೆ. ಈ ಕೆಲಸಕ್ಕೆ ನನಗೆ ಇಷ್ಟವಾದ ಕಾಲ ದಸರಾ ಕಳೆದ ಮೇಲೆ. ತೇವ ಇರುತ್ತದೆ, ಆದರೆ ಕೈ ಮೀರಿ ಹೋಗುವುದಿಲ್ಲ. ಎಲ್ಲ ಮುಗಿದ ಮೇಲೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒಮ್ಮೆ ಕುದಿಸಿ ಉಳಿದ ಆಮ್ಲವನ್ನು ಸಾಯಿಸುತ್ತಾರಾ ಅಂತ ಕೇಳಿ. ಮಾಡದಿದ್ದರೆ ಪಟ್ಟಿಯ ಸಂದಿಯಿಂದ ವಾರದೊಳಗೆ ಕೆಂಪು ಇಣುಕುತ್ತದೆ.

ವಿನೆಗರ್, ಹೈಡ್ರೋಜನ್ ಪೆರಾಕ್ಸೈಡ್, ಅಡುಗೆ ಉಪ್ಪು ಬೆರೆಸುವ ಒಂದು ಪಾಕ ವಾಟ್ಸಾಪಿನಲ್ಲಿ ಓಡಾಡುತ್ತದೆ. ತುಕ್ಕು ಬರುವುದು ನಿಜ, ನಿಮಿಷಗಳಲ್ಲೇ ಬರುತ್ತದೆ. ಆದರೆ ಅದು ಒರಟು ತುಕ್ಕು, ಜೊತೆಗೆ ಕೈಯಾರೆ ಉಪ್ಪು ಹಾಕಿದ ಹಾಗೆ. ಕರಾವಳಿಯವರು ಇದನ್ನು ಮುಟ್ಟಲೇಬಾರದು. ಹಳೆಯ ಪುಸ್ತಕಗಳ ಪಾಕಗಳಲ್ಲಿ ಪಾದರಸದ ಲವಣವೂ ಇರುತ್ತದೆ, ಅದು ಜೀವಕ್ಕೇ ಅಪಾಯ. ಆಮ್ಲಗಳನ್ನು ಮನೆಯಲ್ಲಿ ಬೆರೆಸುವ ಯೋಚನೆ ಯಾರೂ ಮಾಡಬೇಡಿ.

ಕೊನೆಗೆ ಇಡುವ ಕ್ರಮ, ಯಾಕೆಂದರೆ ನಿಮ್ಮ ಕೋವಿ ಕೆಟ್ಟದ್ದು ಅಲ್ಲಿ. ಕವರು ಕೋವಿಯನ್ನು ಕಾಪಾಡುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ಚರ್ಮ ಮತ್ತು ಬಟ್ಟೆ ಎರಡೂ ತೇವ ಹೀರಿ ನಳಿಗೆಗೆ ಒತ್ತಿ ಹಿಡಿಯುತ್ತವೆ. ಕವರು ಒಯ್ಯಲು ಮಾತ್ರ, ಇಡಲು ಅಲ್ಲ. ಬೀಗ ಇರುವ ಕಪಾಟಿನಲ್ಲಿ ಬರಿದಾಗಿ ಇಡಿ. ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಇಳಿದು ಹಿಂದಿನ ಮರಕ್ಕೆ ಹೋಗುವುದಿಲ್ಲ. ಕಪಾಟಿನೊಳಗೆ ಹಳೆಯ ಕಾಲದ 15 ವಾಟಿನ ಬಲ್ಬು ಉರಿಯಬಿಟ್ಟರೆ ಒಳಗಿನ ಗಾಳಿ ಬೆಚ್ಚಗಿದ್ದು ತೇವ ಕೂರುವುದಿಲ್ಲ. ಎಲ್‌ಇಡಿಯಿಂದ ಅಷ್ಟು ಬಿಸಿ ಬರುವುದಿಲ್ಲ. ಬಟ್ಟೆಗಳಿಂದ ಬಲ್ಬು ದೂರ ಇರಲಿ.

ತೆಂಗಿನೆಣ್ಣೆ ನಮ್ಮಲ್ಲಿ ಎಲ್ಲದಕ್ಕೂ ಮದ್ದು. ನಾಲ್ಕು ದಿನಕ್ಕೆ ಪರವಾಗಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಕನರುತ್ತದೆ, ಆಗ ಅದರಲ್ಲಿ ಕೊಬ್ಬಿನ ಆಮ್ಲ ಬಿಟ್ಟುಕೊಂಡು ಅದೇ ಕಬ್ಬಿಣಕ್ಕೆ ಕೆಡುಕು ಮಾಡುತ್ತದೆ. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಮಿಷನ್ ಎಣ್ಣೆ ಸಾಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸಿ ಹೊಸದಾಗಿ ಹಚ್ಚಿ. ಮುಂದಿನ ಚುನಾವಣೆಗೆ ಮತ್ತೆ ಠೇವಣಿ ಇಡಬೇಕಾದರೆ ಎಣ್ಣೆಯ ಮೇಲೆ ನಂಬಿಕೆ ಇಡಬೇಡಿ, ಅಷ್ಟು ತಿಂಗಳು ಅದು ನಿಲ್ಲುವುದಿಲ್ಲ. ಎಣ್ಣೆ ಪೂರ್ತಿ ಒರೆಸಿ, ಕಾರಿಗೆ ಹಾಕುವ ಗಟ್ಟಿ ಮೇಣವನ್ನು ತೆಳ್ಳಗೆ ಎರಡು ಪದರ ಹಚ್ಚಿ ಒಯ್ಯಿರಿ. ಉಜ್ಜುವ ಪುಡಿ ಇಲ್ಲದ ಮೇಣ ಅಂತ ಅಂಗಡಿಯಲ್ಲಿ ಕೇಳಿ ತನ್ನಿ. ಪಟ್ಟಿಯ ಅಂಚಿಗೂ, ಎಕ್ಸ್‌ಟ್ರಾಕ್ಟರಿನ ಸಂದಿಗೂ ಹಚ್ಚಿ. ವಾಪಸ್ ತಂದ ದಿನವೇ ಕವರಿನಿಂದ ಹೊರಗೆ ತೆಗೆದು ಒರೆಸಿ, ಹೊಸ ಎಣ್ಣೆ ಹಾಕಿ ಕಪಾಟಿಗೆ ಇಡಿ.